ಕೋಡ್ ಬರೆಯೋರಿಗೆ ಕಬ್ಬಿನ ಗದ್ದೆ ತೋರಿಸಿ

ಬೆಳೆ ಸಮೀಕ್ಷೆ ಆ್ಯಪ್ ಗೊತ್ತಲ್ವಾ? 2020ರಿಂದ ರೈತರೇ ಹೊಲದಲ್ಲಿ ನಿಂತು, ಸರ್ವೆ ನಂಬರ್ ಆರಿಸಿ, ಬೆಳೆ ಫೋಟೊ ಹಾಕ್ತಾರೆ.

ಇಂಥ ಆ್ಯಪ್ ಬಳಸೋರು ಹೊಸಪೇಟೆ–ಹಂಪಿ ದಾರಿಯ ಮಲಪನಗುಡಿಯ ಕಬ್ಬಿನ ಗದ್ದೇಲಿ. ಕೋಡ್ ಬರೆಯೋರು ಎಲ್ಲೋ ಆಫೀಸಲ್ಲಿ. ಗದ್ದೆಯಿಂದ ‘ಫೋಟೊ ಹೋಗ್ತಿಲ್ಲ’ ಅಂತಷ್ಟೇ ದೂರು ಬರೆದ್ರೆ, ಡೆವಲಪರ್ ನೆಟ್‌ವರ್ಕ್ ಇಲ್ಲ ಅಂತಾರೆ, ಟೆಸ್ಟರ್ ಫೋನ್ ಹಳೇದು ಅಂತಾರೆ.

ಅದರ ಬದಲು ಒಂದು ನಿಮಿಷದ ವಿಡಿಯೊ ಕಳ್ಸಿ. ಸ್ಕ್ರೀನ್ ಜೊತೆ ಕೈಯೂ ಕಾಣಲಿ. ಬಿಸಿಲಿಗೆ ಮಾಯವಾದ ಬಟನ್, ಜಿಪಿಎಸ್ ಸಿಗದೆ ತಿರುಗ್ತಾನೇ ಇರೋ ಚಕ್ರ, ಬೇಸತ್ತು ಮತ್ತೆ ಮತ್ತೆ ಒತ್ತೋ ಹೆಬ್ಬೆರಳು: ಇಡೀ ತಂಡಕ್ಕೂ ಅದೇ ಸಮಸ್ಯೆ ಕಾಣುತ್ತೆ.

ಜೊತೆಗೆ ಎರಡು ಸಾಲು ಬರೀರಿ: ಏನಾಗ್ಬೇಕಿತ್ತು, ಏನಾಯ್ತು. ನಾಳೆ ಈ ದೂರು ಹುಡುಕೋಕೆ ಆ ಸಾಲುಗಳೇ ಬೇಕು. ಆಧಾರ್, ಫೋನ್ ನಂಬರ್ ಮಾತ್ರ ಮಸುಕು ಮಾಡಿಯೇ ಕಳ್ಸಿ!