ತೆರೆಯ ಮೇಲಿನ ಕಾಡೂ ಜಗಳೂರಿನ ಕೊಂಡುಕುರಿಯೂ

ಅರಣ್ಯದಲ್ಲಿ ಜೀವ ಉಳಿಸಿಕೊಳ್ಳುವ ಕಥೆಯೆಂದೊಡನೆ ನಮಗೆ ದಟ್ಟಡವಿ, ಹುಲಿ, ಆನೆಗಳೇ ನೆನಪಾಗುತ್ತವೆ. ಇದಕ್ಕೆ ಚಲನಚಿತ್ರಗಳೂ ಒಂದು ಕಾರಣವೆಂದು ನನ್ನ ಭಾವನೆ. 1973ರ ‘ಗಂಧದ ಗುಡಿ’ಯಲ್ಲಿ ಡಾ. ರಾಜಕುಮಾರರು ಅರಣ್ಯಾಧಿಕಾರಿಯಾಗಿ ಕಾಡುಗಳ್ಳರನ್ನು ಎದುರಿಸಿದರು. ಅದೇ ಹೆಸರಿನ ಸಾಕ್ಷ್ಯಚಿತ್ರದಲ್ಲಿ ಅವರ ಪುತ್ರ ಪುನೀತರು ಅಮೋಘವರ್ಷರೊಡನೆ ನಾಡಿನ ಕಾಡುಗಳನ್ನು ಸುತ್ತಿದರು. ಪುನೀತರು ತೀರಿಕೊಂಡ ಮರುವರ್ಷ, 2022ರ ಅಕ್ಟೋಬರ್ 28ರಂದು, ಅದು ಚಿತ್ರಮಂದಿರಗಳಿಗೆ ಬಂದಿತು. 2023ರ ಮಾರ್ಚ್‌ನಲ್ಲಿ ಅಮೆಜಾನ್ ಪ್ರೈಮ್ ಮೂಲಕ ಮನೆಗಳನ್ನೂ ತಲುಪಿತು.

ಚಿತ್ರಮಂದಿರದ ಕತ್ತಲೆಯಲ್ಲಿ ಕಾಡು ನಮ್ಮನ್ನು ಬೆರಗುಗೊಳಿಸಿ ಮುಂದೆ ಸಾಗುತ್ತದೆ. ಮನೆಯಲ್ಲಾದರೆ ಬೇಕಾದಲ್ಲಿ ನಿಲ್ಲಿಸಿ, ಮರಳಿ ನೋಡಿ, ವಿಚಾರ ಮಾಡಬಹುದು. ಹಾಗೆ ನೋಡಿದಾಗ ನನ್ನಲ್ಲಿ ಹುಟ್ಟಿದ ಪ್ರಶ್ನೆ: ನಮ್ಮ ಸೀಮೆಯ ಕಾಡೆಲ್ಲಿ?

ತುಂಗಭದ್ರೆಯ ದಡದ ಹೊನ್ನಾಳಿ, ನೆರೆಯ ನ್ಯಾಮತಿ, ಸೂಳೆಕೆರೆಯ ಚನ್ನಗಿರಿಗಳಿಂದ ಬಂದವರಿಗೆ ಜಗಳೂರು ಬರಿಯ ಬರದ ನಾಡಾಗಿ ಕಾಣುತ್ತದೆ. ಆದರೆ ಅಲ್ಲಿಯ ರಂಗಯ್ಯನದುರ್ಗದ ಕುರುಚಲು ಕಾಡು 2011ರಲ್ಲಿ ಕೊಂಡುಕುರಿಗಾಗಿಯೇ ವನ್ಯಧಾಮವಾಯಿತು. ಭಾರತ, ನೇಪಾಳಗಳಲ್ಲಿ ಮಾತ್ರ ಇರುವ ಈ ಪ್ರಾಣಿಯ ಗಂಡಿಗೆ ನಾಲ್ಕು ಕೊಂಬು. ಇದು ದೊಡ್ಡ ಹಿಂಡು ಕಟ್ಟದು. ಅಪಾಯ ಕಂಡರೆ ಹುಲ್ಲುಪೊದೆಗಳಲ್ಲಿ ಅಲುಗದೆ ನಿಲ್ಲುತ್ತದೆ. ಆದರೆ ನೀರಿಲ್ಲದೆ ಹೆಚ್ಚು ಕಾಲ ಇರಲಾರದು. ಆದುದರಿಂದ ಬೇಸಗೆಯಲ್ಲಿ ಅಡಗಿರುವುದೋ ನೀರಿಗಾಗಿ ಹೊರಬರುವುದೋ ಎಂಬುದೇ ಅದರ ಜೀವನ್ಮರಣದ ಪ್ರಶ್ನೆ.

ಈ ಕಥೆಗೆ ಖಳನಾಯಕ ಬೇಕಿಲ್ಲ, ಬತ್ತಿದ ಹಳ್ಳವೊಂದೇ ಸಾಕು. ಮುಳ್ಳುಪೊದೆಗಳನ್ನು ಪಾಳುಭೂಮಿಯೆಂದು ಸವರಿಹಾಕಿದರೆ ಕೊಂಡುಕುರಿಗೆ ಅಡಗಲು ಮರೆಯೂ ಇಲ್ಲ. ತೆರೆಯ ಮೇಲಿನ ಕಾಡಿಗೆ ಮನಸೋಲುವ ನಾವು ಈ ಕುರುಚಲನ್ನೂ ಕಾಡೆಂದೇ ಕರೆಯಲು ಕಲಿಯಬೇಕು.