ಮಗುವಿಗೆ ಹುಳುಕಡ್ಡಿಯೇ? ಮುಲಾಮು ಕೊಳ್ಳುವ ಮುನ್ನ

ಮಳೆ ಹಿಡಿಯಿತೆಂದರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಮನೆಗಳಲ್ಲಿ ಒಗೆದ ಬಟ್ಟೆ ಬೇಗ ಒಣಗದು. ಹಸಿ ಚಡ್ಡಿ ತೊಟ್ಟ ಮಕ್ಕಳ ತೊಡೆಸಂದಿಯಲ್ಲಿ ಉಂಗುರದಂಥ ಕೆಂಪು ಗುರುತು ಏಳುತ್ತದೆ. ಅದೇ ಹುಳುಕಡ್ಡಿ. ಹೆಸರಿಗೆ ಹುಳು, ನಿಜವಾಗಿ ಅದು ಶಿಲೀಂಧ್ರ. ಉಪ್ಪಿನಕಾಯಿ ಭರಣಿಗೆ ಹಸಿ ಸೌಟು ಹಾಕಿದರೆ ಬೂಷ್ಟು ಹಿಡಿಯುತ್ತದಲ್ಲ, ಅದರ ಬಳಗ!

“ಅಯ್ಯೋ, ಅದಕ್ಕೇನಂತೆ, ಮೆಡಿಕಲ್ ಸ್ಟೋರಿಂದ ಒಂದು ಟ್ಯೂಬ್ ತಂದು ಹಚ್ಚಿ” ಎಂದು ಪಕ್ಕದ ಮನೆಯವರು ಹೇಳಿಯಾರು. ಸ್ವಲ್ಪ ತಡೆಯಿರಿ. ಅಂಥ ಅನೇಕ ಮಿಶ್ರ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದೊಡನೆ ತುರಿಕೆ ಇಳಿಯುತ್ತದೆ, ತಾಯಿಗೆ ನೆಮ್ಮದಿ. ಆದರೆ ಚರ್ಮದ ಕಾವಲೂ ಮಂಕಾಗಿ ಶಿಲೀಂಧ್ರ ಹಬ್ಬುತ್ತಲೇ ಹೋಗುತ್ತದೆ. ಅದಕ್ಕೇ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು.

ಗಟ್ಟಿಮುಟ್ಟಾದ ಮಗುವಿಗೆ ಸರಿಯಾದ ಔಷಧಿಯಿಂದ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ರೋಗನಿರೋಧಕ ಶಕ್ತಿ ಕುಂದಿದ ಮಗುವಿನ ಮಾತೇ ಬೇರೆ. ತೀರ ಸೊರಗಿದವರು, ಸಕ್ಕರೆ ಕಾಯಿಲೆ ಅಥವಾ ಎಚ್‌ಐವಿ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೂತ್ರಪಿಂಡದ ಕಾಯಿಲೆಗೆಂದು ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗುವವರು: ಇವರಲ್ಲಿ ಅದು ಬೇಗ ಹರಡುತ್ತದೆ, ಮತ್ತೆ ಮತ್ತೆ ಮರುಕಳಿಸುತ್ತದೆ. ಹಾಗೆಂದು ಆ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ಅದು ಇನ್ನೂ ಅಪಾಯ.

ಯಾವಾಗ ತಡಮಾಡಬಾರದು? ಗುರುತುಗಳು ಮೈತುಂಬ ಹರಡಿದರೆ, ದೊಡ್ಡ ಮಗುವಿನ ಬಾಯಲ್ಲೂ ಬಿಳಿ ಪೊರೆ ಪದೇ ಪದೇ ಕಟ್ಟಿದರೆ, ಮಗುವಿನ ತೂಕ ಇಳಿಯುತ್ತಿದ್ದರೆ ವೈದ್ಯರಿಗೆ ತೋರಿಸಿ. ಇಂಥ ಮಗುವಿಗೆ ಜ್ವರ ಬಂದರೆ, ಚರ್ಮದ ಗಾಯ ಕಪ್ಪಾದರೆ ಅದೇ ದಿನ ಹೊರಡಿ. ತಲೆಯಲ್ಲಿ ಬಿಲ್ಲೆಬಿಲ್ಲೆಯಾಗಿ ಕೂದಲುದುರುವ ಹುಳುಕಡ್ಡಿ ಬರೀ ಮುಲಾಮಿಗೆ ಬಗ್ಗದು, ಕೆಲವು ವಾರ ಹೊಟ್ಟೆಗೇ ಔಷಧಿ ಬೇಕು.

ಮನೆಯಲ್ಲಿ ನಿಮ್ಮ ಕೆಲಸವೂ ಉಂಟು. ಟವೆಲ್ಲು, ಬಾಚಣಿಗೆ ಒಬ್ಬೊಬ್ಬರಿಗೆ ಬೇರೆ ಇರಲಿ. ಸ್ನಾನವಾದ ಮೇಲೆ ಸಂದುಗೊಂದು ಒರೆಸಿ. ಬಟ್ಟೆ ಬಿಸಿಲಿಗೆ ಹಾಕಿ, ಬಿಸಿಲಿಲ್ಲದಿದ್ದರೆ ಇಸ್ತ್ರಿ ಮಾಡಿ. ಬೆಕ್ಕಿನ ಮರಿ, ಕರುಗಳಿಂದಲೂ ಹುಳುಕಡ್ಡಿ ಅಂಟುತ್ತದೆ, ಅವುಗಳ ಮೈಮೇಲೆ ಕೂದಲುದುರಿದ ಜಾಗ ಕಂಡರೆ ಮಕ್ಕಳನ್ನು ದೂರವಿಡಿ. ಬೆಳ್ಳುಳ್ಳಿ ಅರೆದು ಹಚ್ಚಬೇಡಿ, ಎಳೆ ಚರ್ಮ ಸುಟ್ಟೀತು. ಗುರುತು ಮಾಯವಾಯಿತೆಂದು ಔಷಧಿ ಬಿಡದೆ ವೈದ್ಯರು ಹೇಳಿದಷ್ಟು ದಿನ ಹಚ್ಚಿ.

ದೂರದ ಊರಿನವರೇ? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಸಲ ತಪಾಸಣೆಯುಂಟು. ಚರ್ಮರೋಗವೂ ಅದರ ಪಟ್ಟಿಯಲ್ಲಿದೆ. ಅಲ್ಲಿವರೆಗೆ ಕಾಯಲಾಗದಿದ್ದರೆ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಕಳಿಸಿದರೆ ಮೈಸೂರಿನ ಚೆಲುವಾಂಬ ಆಸ್ಪತ್ರೆಯಿದೆ. ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬನ್ನು ಮರೆಯದೆ ಕೈಚೀಲದಲ್ಲಿ ಹಾಕಿಕೊಳ್ಳಿ. ವೈದ್ಯರಿಗೆ ಅದೇ ಮೊದಲು ಬೇಕಾಗುವುದು.