ಖಂಡೇಪೂಜೆ ಮತ್ತು ಫ್ರೆಂಚ್ ರಿವಾಲ್ವರ್

ಹುಬ್ಬಳ್ಳಿ-ಧಾರವಾಡ ಪರಿಸರದಲ್ಲಿ ಮಹಾನವಮಿಯ ಆಯುಧಪೂಜೆಯನ್ನು ಖಂಡೇಪೂಜೆ ಎನ್ನುವುದು ರೂಢಿ. ‘ಖಂಡೆ’ ಎಂದರೆ ಖಡ್ಗ. ರೈತನ ಕುಡುಗೋಲು, ಬಡಿಗನ ಬಾಚಿಗಳಂತೆ ಪೊಲೀಸರ ಬಂದೂಕು, ಪಿಸ್ತೂಲುಗಳಿಗೂ ಅಂದು ಕುಂಕುಮ, ಹೂವು ಏರುತ್ತವೆ. ಪೂಜೆಗಿಟ್ಟ ಆಯುಧಕ್ಕೆ ಅಂದು ವಿರಾಮ. ಮರುದಿನ ಬನ್ನಿಯ ವಿನಿಮಯ. ಅಜ್ಞಾತವಾಸದಲ್ಲಿ ಪಾಂಡವರು ಆಯುಧಗಳನ್ನು ಬಚ್ಚಿಟ್ಟದ್ದು ಇದೇ ಮರದಲ್ಲಿ ಎಂಬುದು ಜನರ ನಂಬಿಕೆ.

ಇಂಥ ಆಚರಣೆಗಳನ್ನು ಹಳ್ಳಿಗರ ಮುಗ್ಧತೆಯೆಂದು ಬದಿಗಿಡುವ ವಿದ್ವಾಂಸರುಂಟು. ಅವರು ಫ್ರಾನ್ಸಿನ ಎಂ.ಆರ್.73 ರಿವಾಲ್ವರಿನತ್ತ ನೋಡಬೇಕು. ಮಾನ್ಯುರಾಂ ಸಂಸ್ಥೆಯು 1973ರಲ್ಲಿ ರೂಪಿಸಿದ, ತಿರುಗುವ ಗಾಲಿಯಲ್ಲಿ ಆರು ಗುಂಡುಗಳನ್ನು ಹಿಡಿಯುವ ಈ ಆಯುಧವನ್ನು ಅಲ್ಲಿನ ಪೊಲೀಸರೂ ಸೈನಿಕ ಪೊಲೀಸ್ ದಳವಾದ ಜಾಂಡರ್ಮರಿಯೂ ಬಳಸಿದವು. ಜಾಂಡರ್ಮರಿಯ ವಿಶೇಷ ತುಕಡಿ ಜಿ.ಐ.ಜಿ.ಎನ್.ನಲ್ಲಿ ‘ವಿಶ್ವಾಸದ ಗುಂಡು’ ಎಂಬ ವಿಧಿಯಿದೆ. ತರಬೇತಿ ಮುಗಿಸಿದವನು, ಗುಂಡುನಿರೋಧಕ ಕವಚ ತೊಟ್ಟ ಸಹಚರನ ಎದೆಯ ಮೇಲಿನ ಮಣ್ಣಿನ ಬಿಲ್ಲೆಗೆ ನಿಜವಾದ ಗುಂಡನ್ನೇ ಹಾರಿಸಬೇಕು. ಗುರಿ ತಪ್ಪಿದರೆ ಪ್ರಾಣಕ್ಕೆ ಸಂಚಕಾರ. ವಾನ್ ಗೆನೆಪ್ 1909ರಲ್ಲಿ ವಿವರಿಸಿದ ಸಂಕ್ರಮಣ ವಿಧಿಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಎರಡೂ ಕಡೆ ಪ್ರಶ್ನೆ ಒಂದೇ: ಕೊಲ್ಲಬಲ್ಲ ವಸ್ತುವನ್ನು ಹಿಡಿದವನನ್ನು ಪಕ್ಕದವನು ನಂಬುವುದು ಹೇಗೆ? ಇಲ್ಲಿ ಆಯುಧವನ್ನು ಕೆಳಗಿಟ್ಟು ಬನ್ನಿ ಕೊಡುತ್ತಾರೆ. ಅಲ್ಲಿ ಆಯುಧವನ್ನೆತ್ತಿ ಗುಂಡು ಹಾರಿಸುತ್ತಾರೆ. ಆ ತುಕಡಿಯ ದಿನನಿತ್ಯದ ಬಳಕೆಗೆ ಪಿಸ್ತೂಲು ಬಂದ ಮೇಲೂ ವಿಧಿಗೆ ಹಳೆಯ ರಿವಾಲ್ವರೇ ಬೇಕು. ಮನೆಗಳಿಂದ ಖಡ್ಗ ಮರೆಯಾದರೂ ನಮ್ಮ ಪೂಜೆಯ ಹೆಸರಿನಲ್ಲಿ ಖಂಡೆ ಉಳಿದಿದೆ.